ಯಾರ ಪಾದದ ಅಳತೆ?

ಪಾದರಕ್ಷೆಯ ಅಂಗಡಿಯಲ್ಲಿ ನಮ್ಮನ್ನು ಕೇಳುವ ಮೊದಲ ಪ್ರಶ್ನೆ ‘ನಂಬರ್ ಎಷ್ಟು?’ ಎಂಬುದು. ಏಳು, ಎಂಟು, ಒಂಬತ್ತು ಎಂದು ನಾವು ಥಟ್ಟನೆ ಉತ್ತರಿಸುತ್ತೇವೆ. ಯಾವುದರ ಏಳು, ಏತರ ಎಂಟು ಎಂದು ವಿಚಾರಿಸಿದವರು ಕಡಿಮೆ. ಆ ಅಂಕಿಯ ಹಿಂದೆ ಇರುವುದು ಇಂಗ್ಲೆಂಡಿನ ಜವೆಗೋಧಿಯ ಕಾಳು. ಮೂರು ಕಾಳುಗಳನ್ನು ಉದ್ದುದ್ದಕ್ಕೆ ಜೋಡಿಸಿದರೆ ಒಂದು ಇಂಚು. ಒಂದು ನಂಬರಿನಿಂದ ಮುಂದಿನ ನಂಬರಿಗೆ ಬೂಟು ಒಂದು ಕಾಳಿನಷ್ಟು, ಎಂದರೆ ಇಂಚಿನ ಮೂರನೆಯ ಒಂದು ಪಾಲಿನಷ್ಟು, ಬೆಳೆಯುತ್ತದೆ. ಜವೆಯ ಅಳತೆ ನಮಗೂ ಹೊಸದಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಎಂಟು ಯವಗಳ ನಡುಭಾಗ ಸೇರಿದರೆ ಒಂದು ಅಂಗುಲ, ಇಲ್ಲವೇ ಮಧ್ಯಮ ಪ್ರಮಾಣದ ಪುರುಷನೊಬ್ಬನ ನಡುಬೆರಳಿನ ಅಗಲವೇ ಅಂಗುಲ. ಆಂಗ್ಲರು ಕಾಳನ್ನು ಉದ್ದಕ್ಕೆ ಇಟ್ಟರು, ನಮ್ಮವರು ಅಗಲಕ್ಕೆ ಇಟ್ಟರು. ಇದು ಕೇವಲ ಕಾಕತಾಳೀಯವೆಂದು ನಾನು ಬಲ್ಲೆ. ಆದರೂ ಭಾರತೀಯನ ಪಾದ ಮತ್ತು ವಿಲಾಯಿತಿಯ ಬೂಟಿನ ನಡುವಣ ದೀರ್ಘ ವೈಮನಸ್ಯವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ.

ಏಕೆಂದರೆ ಆ ನಂಬರು ಹೇಳುವುದು ಉದ್ದವನ್ನು ಮಾತ್ರ. ಬೆರಳುಗಳ ಬುಡದಲ್ಲಿ ಪಾದ ಎಷ್ಟು ಹರಡಿಕೊಂಡಿದೆ, ಮೇಲುಗಾಲು ಎಷ್ಟು ಎತ್ತರ, ಹಿಮ್ಮಡಿ ಎಷ್ಟು ಕಿರಿದು ಎಂಬುದರ ಸುಳಿವು ಅದರಲ್ಲಿಲ್ಲ. ಊರೊಳಗೆ ಈ ಅರೆಬರೆ ಮಾಹಿತಿಯಲ್ಲಿ ಕಾಲ ಹಾಕಬಹುದು. ನನ್ನಂಥ ಕೇಂದ್ರ ಸರ್ಕಾರಿ ನೌಕರ ಮೇಜಿನ ಕೆಳಗೆ ಲೇಸು ಸಡಿಲಿಸಿಕೊಂಡು ಕೂತರೆ ಯಾರೂ ಆಕ್ಷೇಪಿಸುವುದಿಲ್ಲ. ಬೆಟ್ಟದಲ್ಲಿ ಹಾಗಲ್ಲ. ಪುಣೆ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮಂಥವರಿಗೆ ಸಹ್ಯಾದ್ರಿಯ ಕೋಟೆಗಳು ಭಾನುವಾರದ ನೆಂಟರ ಮನೆಗಳಿದ್ದಂತೆ. ನಸುಕಿನಲ್ಲಿ ಹೊರಟು ರಾಜಗಡವನ್ನೋ ತೋರಣೆಯನ್ನೋ ಹರಿಶ್ಚಂದ್ರಗಡವನ್ನೋ ಹತ್ತಿ, ಕತ್ತಲಾಗುವ ಮುನ್ನ ಇಳಿದು, ಮರುದಿನ ಕಚೇರಿಗೆ ಹಾಜರಾಗುವ ಒಂದು ದಿನದ ಚಾರಣ. ಹತ್ತುವಾಗ ಬೂಟು ಅಷ್ಟಾಗಿ ಕಾಡುವುದಿಲ್ಲ. ಇಳಿಜಾರಿನಲ್ಲಿ ಗಂಟೆಗಟ್ಟಲೆ ಮೈಭಾರವೆಲ್ಲ ಮುಂದಕ್ಕೆ ಬಿದ್ದಾಗ ಪಾದ ಬೂಟಿನೊಳಗೆ ಜಾರಿ, ಹೆಬ್ಬೆರಳು ಪ್ರತಿ ಹೆಜ್ಜೆಗೂ ಮುಂಗೋಡೆಗೆ ಗುದ್ದುತ್ತದೆ. ಮಂಗಳವಾರದ ಹೊತ್ತಿಗೆ ಉಗುರು ಕಪ್ಪಾಗುತ್ತದೆ, ತಿಂಗಳೊಪ್ಪತ್ತಿನಲ್ಲಿ ಉದುರುತ್ತದೆ. ‘ಟ್ರೆಕ್ಕಿಂಗ್ ಎಂದರೆ ಇಷ್ಟೆಲ್ಲ ಇದ್ದದ್ದೇ’ ಎಂದು ಅದನ್ನು ಶೌರ್ಯದ ಪದಕದಂತೆ ತೋರಿಸುವವರನ್ನು ಕಂಡಿದ್ದೇನೆ. ಅದು ಶೌರ್ಯವಲ್ಲ, ಬೇರೆಯವರ ಪಾದಕ್ಕೆ ಮಾಡಿದ ಬೂಟನ್ನು ನಾವು ಹಾಕಿಕೊಂಡದ್ದರ ಫಲ. ಬೆಟ್ಟದ ಬೂಟಿನ ಇತಿಹಾಸವನ್ನು ಅದರ ಅಟ್ಟೆಯ ಇತಿಹಾಸವೆಂದು, ಚರ್ಮ ಮತ್ತು ರಬ್ಬರಿನ ಇತಿಹಾಸವೆಂದು ಹೇಳುವುದು ವಾಡಿಕೆ. ನನಗೆ ಅದು ಯಾರ ಪಾದವನ್ನು ಅಳೆದರು, ಯಾರದನ್ನು ಅಳೆಯಲಿಲ್ಲ ಎಂಬುದರ ಇತಿಹಾಸವಾಗಿ ಕಾಣುತ್ತದೆ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಬೆಟ್ಟದ ನಡಿಗೆಯೆಂದರೆ ಮೊದಲು ನೆನಪಾಗುವುದು ಸರೋವರ ಪ್ರಾಂತದ ಕವಿಗಳು. ವರ್ಡ್ಸ್‌ವರ್ತ್ 1790ರಲ್ಲಿ, ಕೇಂಬ್ರಿಜ್‌ನಲ್ಲಿ ಪರೀಕ್ಷೆಗೆ ಓದಬೇಕಾಗಿದ್ದ ಬೇಸಿಗೆಯಲ್ಲಿ, ಗೆಳೆಯ ರಾಬರ್ಟ್ ಜೋನ್ಸ್‌ನೊಡನೆ ಫ್ರಾನ್ಸನ್ನು ನಡೆದು ದಾಟಿ ಆಲ್ಪ್ಸ್ ಏರಿದ. ಕೋಲ್‌ರಿಜ್ 1802ರ ಆಗಸ್ಟ್‌ನಲ್ಲಿ ಸ್ಕಾಫೆಲ್ ಶಿಖರದಿಂದ ದಾರಿಯಿಲ್ಲದ ಕಡೆ ಇಳಿಯಹೋಗಿ, ಒಂದೊಂದೇ ಬಂಡೆಯಂಚಿನಿಂದ ಕೈಜಾರಿಸಿಕೊಂಡು ಬೀಳುತ್ತ, ನಡುಗುವ ಕೈಕಾಲುಗಳೊಡನೆ ಹೇಗೋ ಬದುಕಿ ಬಂದು ಅದನ್ನು ಪತ್ರದಲ್ಲಿ ವರ್ಣಿಸಿದ. ಡೊರೋತಿ ವರ್ಡ್ಸ್‌ವರ್ತ್ 1818ರ ಅಕ್ಟೋಬರ್‌ನಲ್ಲಿ ಗೆಳತಿಯೊಡನೆ ಸ್ಕಾಫೆಲ್ ಪೈಕ್ ಏರಿದಳು. ಇವರ ಕಾಲದಲ್ಲಿ ‘ಚಾರಣದ ಬೂಟು’ ಎಂಬ ಪ್ರತ್ಯೇಕ ವಸ್ತುವೇ ಇರಲಿಲ್ಲ. ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಬಹುಪಾಲು ಜೋಡುಗಳಿಗೆ ಎಡ ಬಲದ ಭೇದವೂ ಇರಲಿಲ್ಲ. ಎರಡೂ ಕಾಲಿಗೆ ಒಂದೇ ನೇರ ಅಚ್ಚು. ಹಾಕಿ ಹಾಕಿ ಒಂದು ಎಡವಾಗಬೇಕು, ಇನ್ನೊಂದು ಬಲವಾಗಬೇಕು. ಇಂದು ನಮಗೆ ಇದು ವಿಚಿತ್ರವೆನಿಸಿದರೂ ಒಂದು ಮಾತನ್ನು ಮರೆಯಬಾರದು. ಅಂಗಡಿಯ ನಂಬರಿನ ಬೂಟು ಬರುವ ಮುನ್ನ, ಕೊಳ್ಳುವ ಶಕ್ತಿಯಿದ್ದವರ ಬೂಟನ್ನು ಊರಿನ ಮೋಚಿ ಪಾದ ಅಳೆದೇ ಹೊಲಿಯುತ್ತಿದ್ದ.

ನಮ್ಮಲ್ಲಿಯೂ ಹಾಗೆಯೇ. ಪಾದವನ್ನು ಚರ್ಮದ ಮೇಲೋ ಕಾಗದದ ಮೇಲೋ ಇಡಿಸಿ ಸುತ್ತ ಗೆರೆ ಎಳೆದು ಕತ್ತರಿಸಿದ ಮೆಟ್ಟುಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ಕನ್ನಡಕ್ಕೆ ಈ ವಸ್ತುವಿನೊಡನೆ ಇರುವ ಸಲಿಗೆ ಅದರ ಹೆಸರುಗಳಲ್ಲೇ ಕಾಣುತ್ತದೆ: ಮೆಟ್ಟು, ಕೆರ, ಎಕ್ಕಡ, ಜೋಡು, ಹಾವುಗೆ, ಪಾದುಕೆ. ಇವುಗಳಲ್ಲಿ ಕೆಲವು ಪೂಜೆಗೆ ಸಂದವು, ಕೆಲವು ಬೈಗುಳಕ್ಕೆ ಸಂದವು. ಮಾಡಿದವನಿಗೆ ಮಾತ್ರ ಹೆಚ್ಚಾಗಿ ಎರಡನೆಯದರ ಪಾಲು. ಬಸವಣ್ಣನಿಗಾಗಿ ತನ್ನ ಮತ್ತು ಮಡದಿಯ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದ ಹರಳಯ್ಯನ ಐತಿಹ್ಯ ಎಲ್ಲರಿಗೂ ಗೊತ್ತು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ ಎಂಬುದೂ ಗೊತ್ತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ ಎಂಬುದನ್ನು ಪುಣೆಯ ಮಿತ್ರರಿಗೆ ನಾನು ಆಗಾಗ ನೆನಪಿಸುತ್ತಿರುತ್ತೇನೆ. ಅಥಣಿಯ ಕೈಗಳು ಹೊಲಿದ ಆ ಚಪ್ಪಲಿ ಕೆಲವೇ ವಾರಗಳಲ್ಲಿ ತೊಟ್ಟವನ ಪಾದದ ಆಕಾರ ತಾಳುತ್ತದೆ. ಒದ್ದೆ ಕರಿಗಲ್ಲಿನ ಮೇಲೆ ಅದು ಜಾರುತ್ತದೆ ಎಂಬುದೂ ನಿಜ. ಬೆಟ್ಟದ ಪಾದರಕ್ಷೆಯಿಂದ ನಾವು ಬಯಸುವ ಎರಡು ಗುಣಗಳು, ಒಳಗೆ ಪಾದಕ್ಕೆ ಹೊಂದುವುದು ಮತ್ತು ಹೊರಗೆ ಕಲ್ಲಿಗೆ ಹಿಡಿಯುವುದು, ಒಂದೆಡೆ ಸೇರಲು ಬಹಳ ಕಾಲ ಹಿಡಿಯಿತು.

ಕಲ್ಲಿಗೆ ಹಿಡಿಯುವ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಯುರೋಪು ಕಂಡುಕೊಂಡ ಉತ್ತರ ಮೊಳೆ. ದಪ್ಪ ಚರ್ಮದ ಅಟ್ಟೆಗೆ ತಳದಲ್ಲಿ ಅಗಲ ತಲೆಯ ಕಬ್ಬಿಣದ ಮೊಳೆ, ಅಂಚಿನಲ್ಲಿ ಹಲ್ಲಿನಂಥ ಮೊಳೆ. ಹುಲ್ಲು, ಕೆಸರು, ಮಂಜುಗಡ್ಡೆಗಳ ಮೇಲೆ ಅದು ನಿಲ್ಲುತ್ತಿತ್ತು; ನುಣುಪು ಬಂಡೆಯ ಮೇಲೆ ಕಿರ್ರೆಂದು ಜಾರುತ್ತಿತ್ತು. ಮ್ಯಾಟರ್‌ಹಾರ್ನ್ ಶಿಖರವನ್ನು 1865ರ ಜುಲೈ 14ರಂದು ಮೊದಲ ಬಾರಿ ಏರಿ ಇಳಿಯುವಾಗ ಎಡ್ವರ್ಡ್ ವಿಂಪರ್‌ನ ತಂಡದ ಏಳು ಜನರಲ್ಲಿ ನಾಲ್ವರು ಸತ್ತರು. ವಿಂಪರ್ ಬರೆದಿರುವಂತೆ, ದುರಂತಕ್ಕೆ ತುಸು ಮುನ್ನ ಮಾರ್ಗದರ್ಶಿ ಮಿಷೆಲ್ ಕ್ರೋ ತನ್ನ ಕೊಡಲಿಯನ್ನು ಪಕ್ಕಕ್ಕಿಟ್ಟು, ಅನನುಭವಿ ಹ್ಯಾಡೋನ ಕಾಲುಗಳನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಸರಿಯಾದ ಜಾಗದಲ್ಲಿ ಇಡುತ್ತಿದ್ದ. ಯಜಮಾನನ ಹೆಜ್ಜೆಯನ್ನೂ ಕೂಲಿಯವನೇ ಇಡಬೇಕಾದ ಆ ಚಿತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ಹ್ಯಾಡೋ ಜಾರಿದ, ಅವನು ಬಿದ್ದ ರಭಸಕ್ಕೆ ಕ್ರೋ ಮೊದಲು ಹೋದ. 1912ರ ಸುಮಾರಿಗೆ ಜಿನೀವಾದ ಆಭರಣ ಕುಶಲಕರ್ಮಿ ಫೆಲಿಕ್ಸ್ ಜೆನೆಕಾಂ ಗಡಸು ಉಕ್ಕಿನ ಗರಗಸದಂಥ ಮೊಳೆಯೊಂದನ್ನು ರೂಪಿಸಿದ. ಅವನ ಅಡ್ಡಹೆಸರಾದ ‘ಟ್ರೈಕೂನಿ’ಯೇ ಅದಕ್ಕೂ ಹೆಸರಾಯಿತು. ಹಿಡಿತ ಸುಧಾರಿಸಿತು, ಆದರೆ ಲೋಹ ಲೋಹವೇ. ಹೊರಗಿನ ಶೀತವನ್ನು ನೆಟ್ಟಗೆ ಅಂಗಾಲಿಗೆ ಮುಟ್ಟಿಸುತ್ತಿತ್ತು.

ಇಂಥ ಮೊಳೆಯ ಬೂಟನ್ನೇ ತೊಟ್ಟು 1924ರಲ್ಲಿ ಜಾರ್ಜ್ ಮ್ಯಾಲರಿ ಎವರೆಸ್ಟಿನಲ್ಲಿ ಕಣ್ಮರೆಯಾದ. 1999ರ ಮೇ 1ರಂದು 8,100 ಮೀಟರಿಗೂ ಮೇಲೆ ಅವನ ದೇಹ ದೊರೆತಾಗ ಒಂದು ಕಾಲಿನಲ್ಲಿ ಆ ಬೂಟು ಇನ್ನೂ ಇತ್ತು, ಬೂಟಿನ ಅಂಚಿನ ಮೇಲೆ ಕಾಲು ಮುರಿದಿತ್ತು. ಆ ಛಾಯಾಚಿತ್ರ ಜಗತ್ತನ್ನೆಲ್ಲ ಸುತ್ತಿತು. ಅದೇ ದಂಡಯಾತ್ರೆಯಲ್ಲಿ ಇನ್ನೂ ಮೂವರು ಸತ್ತರು. ಅವರಲ್ಲಿ ಒಬ್ಬನ ಹೆಸರು ಮಾನ್ ಬಹದ್ದೂರ್. ಅವನು ತಂಡದ ಮೋಚಿ. ಬೂಟುಗಳಿಗೆ ಮೊಳೆ ಬಡಿದು ರಿಪೇರಿ ಮಾಡುವುದು ಅವನ ಕಸುಬು. ಎರಡೂ ಪಾದಗಳು ಹರಡಿನವರೆಗೆ ಹಿಮದಲ್ಲಿ ಮರಗಟ್ಟಿ ಹೋದವು, ಕೊನೆಗೆ ನ್ಯುಮೋನಿಯದಿಂದ ತೀರಿಕೊಂಡ. ಬೂಟು ನೋಡಿಕೊಳ್ಳುವವನೇ ಪಾದ ಕಳೆದುಕೊಂಡು ಸತ್ತ ಎಂಬ ಸಂಗತಿ ಪರ್ವತಾರೋಹಣದ ಜನಪ್ರಿಯ ಪುಸ್ತಕಗಳಲ್ಲಿ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗ ಪಡೆದದ್ದನ್ನು ನಾನು ಕಂಡಿಲ್ಲ.

ಮೊಳೆಯ ಯುಗ ಮುಗಿದದ್ದು ಇನ್ನೊಂದು ಸಾವಿನ ಸಾಲಿನಿಂದ. ಆ ಕಾಲದ ಇಟಲಿಯ ಆರೋಹಿಗಳ ಕ್ರಮವೆಂದರೆ ಬುಡದವರೆಗೆ ಭಾರವಾದ ಮೊಳೆಯ ಬೂಟು. ಬಂಡೆ ಶುರುವಾದ ಮೇಲೆ ಅದನ್ನು ಬಿಚ್ಚಿಟ್ಟು ಮೆತ್ತನೆಯ ತಳದ ಹಗುರ ಜೋಡು. ಬಿಸಿಲಿರುವಷ್ಟು ಹೊತ್ತು ಇದು ಸೊಗಸು. 1935ರ ಸೆಪ್ಟೆಂಬರ್‌ನಲ್ಲಿ ಮಿಲಾನಿನ ವಿತಾಲೆ ಬ್ರಮಾನಿ ಎಂಬಾತ ಗೆಳೆಯರನ್ನು ಕರೆದುಕೊಂಡು ಇಟಲಿ–ಸ್ವಿಟ್ಜರ್ಲೆಂಡ್ ಗಡಿಯ ಪುಂತಾ ರಾಸಿಕಾ ಶಿಖರಕ್ಕೆ ಹೋದ. ಇದ್ದಕ್ಕಿದ್ದಂತೆ ಹಿಮಗಾಳಿ ಎದ್ದಿತು. ತೆಳು ಜೋಡು ನೆಂದು, ಹೆಪ್ಪುಗಟ್ಟಿ, ಮಂಜು ಮೆತ್ತಿದ ಬಂಡೆಯ ಮೇಲೆ ಮುಂದಕ್ಕೂ ಆಗದೆ ಹಿಂದಕ್ಕೂ ಆಗದೆ ಆರು ಜನ ಚಳಿ ಮತ್ತು ಬಳಲಿಕೆಯಿಂದ ಪ್ರಾಣ ಬಿಟ್ಟರು. ಬದುಕಿ ಬಂದ ಬ್ರಮಾನಿಗೆ ಆ ಸಾವುಗಳಲ್ಲಿ ಪಾದರಕ್ಷೆಯ ಪಾಲು ಇದೆ ಎಂಬುದು ಖಚಿತವಾಗಿತ್ತು. ಹಿಮದಲ್ಲೂ ಬಂಡೆಯಲ್ಲೂ ಒಂದೇ ಜೊತೆ ಸಾಕಾಗುವಂಥ ಅಟ್ಟೆ ಬೇಕೆಂದು ಅವನು ಹಿಡಿದದ್ದು ರಬ್ಬರನ್ನು. ಟೈರು ತಯಾರಿಸುವ ಪಿರೆಲ್ಲಿ ಸಂಸ್ಥೆಯ ನೆರವಿನಿಂದ, ಕಾವಿನಲ್ಲಿ ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರಿನಲ್ಲಿ ಆಳವಾದ ಗುಬುಟುಗಳನ್ನು ಮೂಡಿಸಿ 1937ರಲ್ಲಿ ಹಕ್ಕುಸ್ವಾಮ್ಯ ಪಡೆದ. ಆ ವಿನ್ಯಾಸಕ್ಕೆ ‘ಕರ್ರಾರ್ಮಾತೊ’ ಎಂದು ಹೆಸರು. ಇಟಾಲಿಯನ್ ಭಾಷೆಯಲ್ಲಿ ಯುದ್ಧದ ಟ್ಯಾಂಕು ಎಂದರ್ಥ. ವಿತಾಲೆಯ ‘ವಿ’, ಬ್ರಮಾನಿಯ ‘ಬ್ರಮ್’ ಸೇರಿ ‘ವಿಬ್ರಮ್’. ಇಂದು ಯಾವುದೇ ಚಾರಣದ ಅಂಗಡಿಯಲ್ಲಿ ಬೂಟನ್ನು ತಲೆಕೆಳಗು ಮಾಡಿದರೆ, ಹಳದಿ ಅಷ್ಟಭುಜದ ಆ ಮುದ್ರೆ ಇರಲಿ ಇಲ್ಲದಿರಲಿ, ಕಾಣುವ ಅಡ್ಡಗುಬುಟುಗಳ ವಂಶಾವಳಿ ಅಲ್ಲಿಗೆ ಹೋಗಿ ಮುಟ್ಟುತ್ತದೆ. ಆಷಾಢದಲ್ಲಿ ಪಾಚಿಗಟ್ಟಿದ ಕರಿಗಲ್ಲಿನ ಮೆಟ್ಟಿಲು ಇಳಿಯುವ ನಾವು ಕಾಲೂರುವುದು ಆ ಆರು ಜನರ ಸಾವಿನಿಂದ ಹುಟ್ಟಿದ ಯೋಚನೆಯ ಮೇಲೆ.

ಕಥೆ ಇಲ್ಲಿಗೇ ನಿಂತಿದ್ದರೆ ಶುಭಂ ಎಂದು ಬರೆಯಬಹುದಿತ್ತು. 1954ರ ಜುಲೈ 31ರಂದು ಇಟಲಿಯ ಲಾಚೆದೆಲ್ಲಿ ಮತ್ತು ಕೊಂಪಾನ್ಯೋನಿ ಜಗತ್ತಿನ ಎರಡನೆಯ ಎತ್ತರದ ಶಿಖರ ಕೆ2 ಮುಟ್ಟಿದರು. ಅವರ ಬೂಟಿನಡಿಯಲ್ಲಿದ್ದದ್ದು ವಿಬ್ರಮ್ ಅಟ್ಟೆ. ಆ ಅಟ್ಟೆಯ ಜಗದ್ವಿಖ್ಯಾತಿಗೆ ಈ ವಿಜಯವೂ ಕಾರಣ. ಆದರೆ ಅದರ ಹಿಂದಿನ ರಾತ್ರಿ, ಅವರಿಗೆ ಬೇಕಾದ ಆಮ್ಲಜನಕದ ಸಿಲಿಂಡರುಗಳನ್ನು ಹೊತ್ತು ಇಬ್ಬರು ಮೇಲೆ ಬಂದಿದ್ದರು: ವಾಲ್ಟರ್ ಬೊನಾತ್ತಿ ಮತ್ತು ಹುಂಝಾದ ಅಮೀರ್ ಮೆಹದಿ. ಗೊತ್ತುಮಾಡಿದ್ದ ಜಾಗದಲ್ಲಿ ಡೇರೆ ಇರಲಿಲ್ಲ. ಕತ್ತಲಾಯಿತು. ಸುಮಾರು 8,100 ಮೀಟರ್ ಎತ್ತರದಲ್ಲಿ, ಡೇರೆಯಿಲ್ಲದೆ, ಹಿಮದಲ್ಲಿ ಕೊರೆದ ಒಂದು ಅಂಚಿನ ಮೇಲೆ ಇಬ್ಬರೂ ರಾತ್ರಿ ಕಳೆದರು. ಬೊನಾತ್ತಿಯ ಕಾಲಲ್ಲಿ ಎತ್ತರದ ಹಿಮಕ್ಕೆಂದೇ ತಯಾರಾದ ಬೂಟಿತ್ತು. ಮೆಹದಿಯ ಕಾಲಲ್ಲಿದ್ದದ್ದು ಸೈನ್ಯದ ಸಾಮಾನ್ಯ ಬೂಟು. ಅದೂ ಅವನ ಅಳತೆಗಿಂತ ಎರಡು ನಂಬರು ಚಿಕ್ಕದು. ಬಿಗಿದ ಬೂಟಿನಲ್ಲಿ ರಕ್ತ ಹರಿಯುವುದಿಲ್ಲ, ಹರಿಯದ ರಕ್ತ ಬೆರಳನ್ನು ಕಾಯುವುದಿಲ್ಲ. ಮೆಹದಿ ಕಾಲಿನ ಬೆರಳುಗಳನ್ನೆಲ್ಲ ಕಳೆದುಕೊಂಡ. ಆ ರಾತ್ರಿಯ ಬಗೆಗೆ ಬೊನಾತ್ತಿ ಹೇಳಿದ್ದೇ ಸರಿಯೆಂದು ಇಟಲಿಯ ಆಲ್ಪೈನ್ ಸಂಘ ಒಪ್ಪಿಕೊಳ್ಳಲು ಅರ್ಧ ಶತಮಾನ ಬೇಕಾಯಿತು. ಆ ಹೊತ್ತಿಗೆ ಮೆಹದಿ ಇರಲಿಲ್ಲ. ಎರಡು ನಂಬರೆಂದರೆ ಎರಡು ಜವೆಗೋಧಿ ಕಾಳಿನಷ್ಟು, ಒಂದೂಮುಕ್ಕಾಲು ಸೆಂಟಿಮೀಟರಿಗೂ ಕಡಿಮೆ. ಒಂದು ದೇಶದ ಕೀರ್ತಿಗಾಗಿ ಹೊರಟ ತಂಡಕ್ಕೆ ಅಷ್ಟನ್ನು ಅಳೆಯಲು ಪುರಸೊತ್ತು ಆಗಲಿಲ್ಲ.

ಇದಕ್ಕೆ ಒಂದು ವರ್ಷ ಮೊದಲು ಎವರೆಸ್ಟಿನಲ್ಲಿ ನಡೆದದ್ದು ಬೇರೆ ಬಗೆಯದು, ಓದಿದಾಗಲೆಲ್ಲ ನನಗೆ ಮುದ ಕೊಡುತ್ತದೆ. ಬ್ರಿಟಿಷ್ ದಂಡಯಾತ್ರೆಗೆಂದೇ ವಿಶೇಷ ಬೂಟುಗಳು ತಯಾರಾಗಿದ್ದವು. ಕೊನೆಯ ಶಿಬಿರದಲ್ಲಿ ಹಿಲರಿ ಬೂಟು ಬಿಚ್ಚಿಟ್ಟು ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಅವು ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಸ್ಟೋವಿನ ಉರಿಯ ಮೇಲೆ ಹಿಡಿದು ಮೆತ್ತಗಾಗಿಸಲು ಎರಡು ಗಂಟೆ ಹಿಡಿಯಿತು. ತೇನ್‌ಸಿಂಗ್ ಬೂಟು ಬಿಚ್ಚಿರಲೇ ಇಲ್ಲ. ಅವನು ತೊಟ್ಟದ್ದು ಬ್ರಿಟಿಷರು ಕೊಟ್ಟದ್ದೂ ಅಲ್ಲ. ಹಿಂದಿನ ವರ್ಷ ಸ್ವಿಸ್ ತಂಡದೊಡನೆ ಹೋಗಿದ್ದಾಗ ದೊರೆತ ಹಿಮಸಾರಂಗದ ಚರ್ಮದ ಬೂಟು. ಕಾಲುಚೀಲ ಹೆಂಡತಿ ಆಂಗ್ ಲಾಮು ಹೆಣೆದದ್ದು. ಆ ಹೊತ್ತಿಗಾಗಲೇ ಎವರೆಸ್ಟಿನ ಮೇಲೆ ಆರು ಬಾರಿ ಹೋಗಿ ಬಂದಿದ್ದವನಿಗೆ ತನ್ನ ಪಾದ ಏನು ಬೇಡುತ್ತದೆ ಎಂಬುದು ಯಾವ ತಜ್ಞರ ಸಮಿತಿಗಿಂತಲೂ ಚೆನ್ನಾಗಿ ತಿಳಿದಿತ್ತು.

ಸಮಿತಿಗಳ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. 1962ರ ಶರತ್ಕಾಲದಲ್ಲಿ ನಮ್ಕಾ ಚು ಕಣಿವೆಗೆ ನಮ್ಮ ಸೈನಿಕರನ್ನು ಕಳಿಸಿದಾಗ ಅವರಲ್ಲಿ ಬಹಳಷ್ಟು ಮಂದಿಯ ಮೈಮೇಲಿದ್ದದ್ದು ಬಯಲುಸೀಮೆಯ ಹತ್ತಿಯ ಸಮವಸ್ತ್ರ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಅಲ್ಲಿನ ಬ್ರಿಗೇಡಿನ ಅಧಿಕಾರಿಯಾಗಿದ್ದ ಜಾನ್ ದಳವಿಯವರ ‘ಹಿಮಾಲಯನ್ ಬ್ಲಂಡರ್’ ಕೃತಿಯನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದದ್ದರಿಂದ ನಮ್ಮ ಓದುಗರಲ್ಲಿ ಅನೇಕರು ಇದನ್ನು ಬಲ್ಲರು. ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತೋ ಎಂಬ ಪ್ರಶ್ನೆ, ದಿನವಿಡೀ ಕಡತಗಳ ನಡುವೆ ಬದುಕುವ ನನಗೆ ಬೇರೆಯವರಿಗಿಂತ ತುಸು ಹೆಚ್ಚು ಚುಚ್ಚುತ್ತದೆ.

ಶಿಖರಗಳಿಗಾಗಿ, ಸೈನ್ಯಗಳಿಗಾಗಿ ಹುಟ್ಟಿದ ಬೂಟೇ ಯುದ್ಧಾನಂತರದ ದಶಕಗಳಲ್ಲಿ ಸಾಮಾನ್ಯ ಚಾರಣಿಗನಿಗೂ ಬಂತು. ದಪ್ಪ ಚರ್ಮ, ಗಟ್ಟಿ ತಳ, ಹರಡಿನ ಮೇಲಕ್ಕೇರುವ ಕುತ್ತಿಗೆ, ಒಂದು ಜೊತೆಗೆ ಎರಡು ಕಿಲೋದಷ್ಟು ತೂಕ. ಅದನ್ನು ‘ಪಳಗಿಸಲು’ ವಾರಗಟ್ಟಲೆ ಮನೆಯೊಳಗೆ ಹಾಕಿಕೊಂಡು ಓಡಾಡಬೇಕು. ಪಳಗುತ್ತಿದ್ದದ್ದು ಬೂಟೋ ಪಾದವೋ ಎಂಬುದು ಚರ್ಚಾಸ್ಪದ. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವವನಿಗೆ, ಬೆನ್ನ ಮೇಲೆ ಎರಡು ಲೀಟರ್ ನೀರು, ಒಂದು ಡಬ್ಬಿ ಪುಳಿಯೋಗರೆಗಿಂತ ಹೆಚ್ಚು ಇಲ್ಲದವನಿಗೆ, ಹಿಮನದಿ ದಾಟುವ ಬೂಟು ಏಕೆ ಬೇಕು ಎಂದು ಬಹಳ ಕಾಲ ಯಾರೂ ಕೇಳಲಿಲ್ಲ. ಕೇಳದೆಯೇ ಉತ್ತರ ಕೊಟ್ಟವಳು ಅಮೆರಿಕದ ಒಹಾಯೋ ರಾಜ್ಯದ ಎಮ್ಮಾ ಗೇಟ್‌ವುಡ್. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಹೆಗಲಿಗೆ ತಾನೇ ಹೊಲಿದ ಬಟ್ಟೆಯ ಚೀಲ ಏರಿಸಿಕೊಂಡು, ‘ಕೆಡ್ಸ್’ ಎಂಬ ಕ್ಯಾನ್ವಾಸ್ ಬೂಟು ತೊಟ್ಟು, 3,200 ಕಿಲೋಮೀಟರಿಗೂ ಮಿಕ್ಕ ಅಪಲಾಚಿಯನ್ ಹಾದಿಯನ್ನು ಒಬ್ಬಳೇ ಪೂರ್ತಿ ನಡೆದಳು. ಹಲವು ಜೊತೆ ಸವೆದವು, ಅವಳು ಸವೆಯಲಿಲ್ಲ. ಕಾಲಿನ ಮೇಲಿನ ಒಂದು ಪೌಂಡು ಬೆನ್ನಿನ ಮೇಲಿನ ಐದು ಪೌಂಡಿಗೆ ಸಮ ಎಂಬ ಮಾತು ಚಾರಣಿಗರಲ್ಲಿ ಹಳೆಯದು. 1980ರ ದಶಕದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಸೇನಾ ಸಂಶೋಧಕರು ಉಸಿರಾಟ ಅಳೆದು ಲೆಕ್ಕ ಹಾಕಿದಾಗಲೂ ಉತ್ತರ ಅದರ ಆಸುಪಾಸಿಗೇ ಬಂತು.

1970ರ ದಶಕದ ಕೊನೆಗೆ ಕಂಪನಿಗಳೂ ಎಚ್ಚೆತ್ತವು. ಓಟದ, ಆಟದ ಬೂಟುಗಳ ತಂತ್ರವನ್ನು ಬೆಟ್ಟಕ್ಕೆ ತಂದರು. ಚರ್ಮದ ಬದಲು ಬಟ್ಟೆ ಮತ್ತು ಮೆದುಚರ್ಮ. ಅಟ್ಟೆ ಮತ್ತು ಅಂಗಾಲಿನ ನಡುವೆ ನೊರೆಯಂಥ ಪ್ಲಾಸ್ಟಿಕ್ಕಿನ ಮೆತ್ತೆ. ನೀರನ್ನು ಹೊರಗಿಟ್ಟು ಬೆವರಿನ ಆವಿಯನ್ನು ಬಿಡುವ ಗೋರ್‌ಟೆಕ್ಸ್ ಪೊರೆ. ಬೂಟಿನ ತೂಕ ಅರ್ಧಕ್ಕಿಳಿಯಿತು, ಕೊಂಡ ದಿನವೇ ಬೆಟ್ಟಕ್ಕೆ ಹೋಗಬಹುದಾಯಿತು. ಈ ಸುಖಕ್ಕೆ ತೆತ್ತ ಬೆಲೆ ನಮ್ಮ ಕರಾವಳಿಯ ನಗರಗಳಲ್ಲಿ ಬೇಗ ಗೊತ್ತಾಗುತ್ತದೆ. ಆ ಪೊರೆ ತಂಪು ದೇಶದ ತುಂತುರಿಗೆ ಸರಿ. ಸಹ್ಯಾದ್ರಿಯ ಮಳೆಯಲ್ಲಿ ನೀರು ಮೇಲಿನಿಂದ, ಕಾಲುಚೀಲದ ಮೂಲಕ ಇಳಿದು ಒಳಗೆ ತುಂಬಿದರೆ ಹೊರಹೋಗಲು ದಾರಿಯಿಲ್ಲದೆ ಬೂಟು ಕೊಡಪಾನವಾಗುತ್ತದೆ. ನಮ್ಮ ಮಳೆಗಾಲಕ್ಕೆ ಬೇಗ ನೆಂದು ಬೇಗ ಒಣಗುವ ಜಾಲರಿಯ ಬೂಟೇ ಮೇಲು ಎಂಬುದು ನನ್ನ ಅಭಿಪ್ರಾಯ. ಇನ್ನು ಆ ಮೆತ್ತೆ. ಪಾಲಿಯುರೆಥೇನಿನ ಮೆತ್ತೆ ಗಾಳಿಯ ತೇವವನ್ನು ಹೀರಿ ಒಳಗೊಳಗೇ ಒಡೆಯುತ್ತದೆ. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಬೀರುವಿನೊಳಗೆ ‘ಜೋಪಾನವಾಗಿ’ ಇಟ್ಟ ಬೂಟು ನಾಲ್ಕೈದು ವರ್ಷದ ಮೇಲೆ ಹೊಸದರಂತೆಯೇ ಕಾಣುತ್ತದೆ. ಬೆಟ್ಟದ ನಡುದಾರಿಯಲ್ಲಿ ಅಟ್ಟೆ ಬಾಯಿ ಬಿಡುತ್ತದೆ. ಹಾಕದೆ ಇಟ್ಟದ್ದು ಹಾಕಿದ್ದಕ್ಕಿಂತ ಬೇಗ ಹಾಳಾಗುವ ಅಪರೂಪದ ವಸ್ತು ಇದು.

ಅಟ್ಟೆ ಕಲ್ಲಿಗೆ ಹಿಡಿಯಿತು, ತೂಕ ಇಳಿಯಿತು. ಉಳಿದದ್ದು ಅಳತೆ. 1920ರ ದಶಕದಲ್ಲಿ ಅಮೆರಿಕದ ಸಿರಕ್ಯೂಸ್ ನಗರದ ಬೂಟಿನಂಗಡಿಯವನ ಮಗ ಚಾರ್ಲ್ಸ್ ಬ್ರಾನಾಕ್ ಒಂದು ಲೋಹದ ಅಳತೆಪಟ್ಟಿ ಮಾಡಿದ. ಪಾದದ ಉದ್ದ, ಅಗಲ, ಹಿಮ್ಮಡಿಯಿಂದ ಹೆಬ್ಬೆರಳ ಗಿಣ್ಣಿನವರೆಗಿನ ದೂರ, ಮೂರನ್ನೂ ಅದು ಒಟ್ಟಿಗೆ ಹೇಳುತ್ತದೆ. ಅದೇ ಕಾಲದಲ್ಲಿ ಅಮೆರಿಕ, ಯುರೋಪುಗಳ ಅಂಗಡಿಗಳಲ್ಲಿ ಕ್ಷಕಿರಣದ ಪೆಟ್ಟಿಗೆಯೊಂದನ್ನಿಟ್ಟು ಗಿರಾಕಿಯ ಪಾದದ ಎಲುಬನ್ನೇ ತೋರಿಸುವ ಹುಚ್ಚಾಟವೂ ನಡೆಯಿತು. ಅದರ ಅಪಾಯ ಅರಿವಾಗಿ ನಿಷೇಧಿಸಲು ದಶಕಗಳು ಬೇಕಾದವು. ಬ್ರಾನಾಕ್‌ನ ಪಟ್ಟಿ ಮಾತ್ರ ಇಂದಿಗೂ ಅಲ್ಲಿ ಬಳಕೆಯಲ್ಲಿದೆ. ಅಲ್ಲಿ ಒಂದೇ ನಂಬರಿನ ಬೂಟು ಎರಡು ಮೂರು ಅಗಲಗಳಲ್ಲಿ ಸಿಗುತ್ತದೆ. ಹೆಂಗಸರ ಪಾದವೆಂದರೆ ಗಂಡಸಿನ ಪಾದದ ಚಿಕ್ಕ ಪ್ರತಿಯಲ್ಲ, ಮುಂಪಾದಕ್ಕೆ ಹೋಲಿಸಿದರೆ ಹಿಮ್ಮಡಿ ಕಿರಿದು ಎಂಬ ತಿಳಿವಳಿಕೆಯಿಂದ ಅವರಿಗೇ ಬೇರೆ ಅಚ್ಚು ಮಾಡುವುದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ರೂಢಿಗೆ ಬಂತು. ಡೊರೋತಿ ಸ್ಕಾಫೆಲ್ ಪೈಕ್ ಏರಿದ ಒಂದೂವರೆ ಶತಮಾನದ ಮೇಲೆ.

ನಮ್ಮ ದೇಶಕ್ಕೆ ಬ್ರಿಟಿಷರ ನಂಬರು ಬಂತು, ಅಗಲದ ಅಳತೆ ಬರಲಿಲ್ಲ. ಅಗಲ ಪಾದದವನಿಗೆ ಅಂಗಡಿಯವನ ಪರಿಹಾರ ಒಂದೇ: ‘ಒಂದು ನಂಬರ್ ದೊಡ್ಡದು ತೊಗೊಳ್ಳಿ ಸಾರ್.’ ಮುಂಪಾದ ಒಳಗೆ ಸೇರುತ್ತದೆ. ಆದರೆ ಬೂಟು ಒಂದು ಕಾಳು ಉದ್ದವಾಗಿರುವುದರಿಂದ ಅದು ಮಡಚುವ ಜಾಗವೇ ಬೇರೆ, ಪಾದ ಮಡಚುವ ಜಾಗವೇ ಬೇರೆ. ಹತ್ತುವಾಗ ಹಿಮ್ಮಡಿ ಎದ್ದೆದ್ದು ತಿಕ್ಕಿ ಗುಳ್ಳೆ. ಇಳಿಯುವಾಗ ಹಿಮ್ಮಡಿಯ ಹಿಡಿತವಿಲ್ಲದೆ ಪಾದ ಮುಂದಕ್ಕೆ ಜಾರಿ ಉಗುರಿಗೆ ಪೆಟ್ಟು. ಅದನ್ನು ತಡೆಯಲು ಲೇಸನ್ನು ಜಗ್ಗಿ ಬಿಗಿದರೆ ಮೇಲುಗಾಲು ಜೋಮು. ಮೊದಲು ಹೇಳಿದ ಕಪ್ಪು ಉಗುರಿನ ಕಾರಣ ಇಲ್ಲಿದೆ.

ಈ ವಿಷಯದಲ್ಲಿ ಸರ್ಕಾರವೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಹೇಳುವ ಅವಕಾಶವನ್ನು ನಾನೇಕೆ ಬಿಡಲಿ? ಚೆನ್ನೈನ ಅಡ್ಯಾರಿನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಕೊನೆಯಿಂದ 2022ರ ಆರಂಭದವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಮೂರು ಆಯಾಮಗಳ ಸ್ಕ್ಯಾನರಿನಲ್ಲಿ ಅಳೆದರು. ಭಾರತೀಯರ ಪಾದ ಯುರೋಪಿಯನ್ನರ, ಅಮೆರಿಕನ್ನರ ಪಾದಕ್ಕಿಂತ ಅಗಲ ಎಂದು ಅಂಕಿಗಳು ಹೇಳಿದವು. ನಮ್ಮಜ್ಜಿಯರಿಗೆ ಇದು ಗೊತ್ತಿತ್ತು ಎನ್ನಬಹುದು. ಆದರೆ ಅಜ್ಜಿಯ ಮಾತನ್ನು ಯಾವ ಕಾರ್ಖಾನೆಯೂ ಅಚ್ಚಿಗೆ ಇಳಿಸುವುದಿಲ್ಲ, ಅಂಕಿಯನ್ನು ಇಳಿಸಬಹುದು. ಅದರ ಆಧಾರದ ಮೇಲೆ ಮಗುವಿನಿಂದ ವಯಸ್ಕರವರೆಗೆ ಎಂಟು ವರ್ಗಗಳ ಹೊಸ ಅಳತೆಯ ಪದ್ಧತಿಯೊಂದನ್ನು ಸೂಚಿಸಿ, ಭಾರತದ ಮೊದಲಕ್ಷರದಿಂದ ‘ಭ’ ಎಂದು ಹೆಸರಿಟ್ಟಿದ್ದಾರೆ. ಈ ಪ್ರಸ್ತಾಪ 2024ರಲ್ಲಿ ಸುದ್ದಿಯಾಯಿತು.

ಅಂಗಡಿಯ ನಂಬರಿನ ಜಾಗಕ್ಕೆ ‘ಭ’ ಬರುವವರೆಗೆ ನಮ್ಮ ಪಾದವನ್ನು ನಾವೇ ಅಳೆದುಕೊಳ್ಳಬೇಕು. ಸಂಜೆಯ ಹೊತ್ತು, ದಿನದ ನಡಿಗೆಯಿಂದ ಪಾದ ಊದಿರುವಾಗ, ಬೆಟ್ಟಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗುವುದು ಒಳ್ಳೆಯದು. ಎರಡು ಪಾದಗಳಲ್ಲಿ ಒಂದು ತುಸು ದೊಡ್ಡದಿರುವುದು ಸಾಮಾನ್ಯ. ದೊಡ್ಡದರ ಮಾತನ್ನೇ ಕೇಳಬೇಕು. ಬೂಟಿನೊಳಗಿನ ತೆಗೆಯಬಹುದಾದ ಮೆತ್ತೆಯನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತರೆ, ಪಾದ ಎಲ್ಲಿ ಅಂಚು ಮೀರುತ್ತದೆ ಎಂಬುದು ಯಾವ ಯಂತ್ರವೂ ಇಲ್ಲದೆ ತಿಳಿಯುತ್ತದೆ. ಹರಳಯ್ಯನ ಕುಲದವರು ಗೆರೆ ಎಳೆಯುತ್ತಿದ್ದದ್ದೂ ಹೀಗೆಯೇ. ಆಮೇಲೆ ಅಂಗಡಿಯ ಮೆಟ್ಟಿಲನ್ನು ಹತ್ತಾರು ಬಾರಿ ಇಳಿಯಬೇಕು. ಹತ್ತುವುದು ಬೇಡ, ಇಳಿಯುವುದೇ ಮುಖ್ಯ. ಹೆಬ್ಬೆರಳು ಮುಂದೆ ತಗುಲಿದರೆ ಆ ಬೂಟು ಎಷ್ಟೇ ರಿಯಾಯಿತಿಯದಾದರೂ ಬೇರೆಯವರದು. ಮಾರುವ ಹುಡುಗ ಮುಖ ಸಿಂಡರಿಸಬಹುದು. ಸಿಂಡರಿಸಲಿ.

ಮಾವಳ ಪ್ರಾಂತದ ಹಳ್ಳಿಗಳಲ್ಲಿ ನಮಗೆ ದಾರಿ ತೋರಿಸಲು ಬರುವ ಹುಡುಗರು ಮಳೆಗಾಲದಲ್ಲಿ ರಬ್ಬರಿನ ಚಪ್ಪಲಿಯಲ್ಲೋ ಬರಿಗಾಲಿನಲ್ಲೋ ನಮಗಿಂತ ಇಪ್ಪತ್ತು ಹೆಜ್ಜೆ ಮುಂದಿರುತ್ತಾರೆ. ಅವರಿಗೆ ಬೂಟು ಬೇಕಾಗಿಲ್ಲ, ಅಭ್ಯಾಸವಿದೆ ಎಂದು ನಮ್ಮ ಗುಂಪಿನಲ್ಲಿ ಪ್ರತಿ ಸಲ ಯಾರಾದರೊಬ್ಬರು ಹೇಳುತ್ತಾರೆ. ಕಳೆದ ಶ್ರಾವಣದಲ್ಲಿ ಆ ಮಾತು ಬಂದಾಗ ಗುಂಪಿನ ಹಿರಿಯರೊಬ್ಬರು ಹುಡುಗನನ್ನೇ ಮರಾಠಿಯಲ್ಲಿ ಕೇಳಿದರು. ತನ್ನದು ಎಂಟನೆಯ ನಂಬರು, ಪಾದ ಅಗಲ ಇರುವುದರಿಂದ ಒಂಬತ್ತಾದರೆ ಒಳ್ಳೆಯದು ಎಂದು ಅವನು ಕೂಡಲೇ ಹೇಳಿದ.